ಈಲಿಂಗ್ ರೋಡಿನ ಗಾದಿ

ವೆಂಬ್ಲಿ: ಮುಳುಗದ ಹೊತ್ತು

ಲಂಡನ್ನು ಮುಟ್ಟಿದ ದಿನವೇ ನಾನು ಹಸಿವಿನಿಂದ ಕಂಗೆಟ್ಟೆ. ಅದು ಯಾರ ತಪ್ಪೂ ಅಲ್ಲ, ಸೂರ್ಯನ ತಪ್ಪು. ಹೊತ್ತು ಮುಳುಗಬೇಕು, ದೀಪ ಹಚ್ಚಬೇಕು, ಲಿಂಗಪೂಜೆ ಆಗಬೇಕು, ಆಮೇಲೆ ಊಟ. ಇದು ನನ್ನ ಐವತ್ತೆರಡು ವರ್ಷದ ರೂಢಿ. "ಕಾಕಾ, ಊಟಕ್ಕ ಏಳ್ರಿ" ಎಂದು ಅಣ್ಣನ ಮಗಳು ಸುಮಂಗಲಾ ಕರೆದಾಗ ಗಡಿಯಾರದಲ್ಲಿ ಎಂಟು ಹೊಡೆದಿತ್ತು. ಕಿಟಕಿಯಲ್ಲಿ ಮಾತ್ರ ನಮ್ಮ ಹುಬ್ಬಳ್ಳಿಯ ನಾಲ್ಕು ಗಂಟೆಯ ಬಿಸಿಲು ಬಿದ್ದಿತ್ತು.

"ಹೊತ್ತು ಮುಳುಗ್ಲಿ, ತಡಿ" ಎಂದೆ.

ಅವಳು ಗಂಡ ಮಹಾಂತೇಶನ ಮುಖ ನೋಡಿದಳು. ಅವನು ಬೆಳಗಾವಿಯ ಕಡೆಯವನು, ಇಲ್ಲಿಯ ಒಂದು ಆಸ್ಪತ್ರೆಯಲ್ಲಿ ಔಷಧಿ ವಿಭಾಗದ ಕೆಲಸ. ನಗು ನುಂಗಿಕೊಂಡು, "ಮುಳುಗ್ತದ್ರಿ ಕಾಕಾ, ಆದ್ರ ಅದಕ್ಕ ಅವಸರಿಲ್ಲ" ಎಂದ. ಅವರ ಮಗಳು ಅನುಗೆ ಏಳು ವರ್ಷ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಹತ್ತು ನಿಮಿಷಕ್ಕೊಮ್ಮೆ ಕಿಟಕಿಗೆ ಹೋಗಿ ನೋಡಿ ಬಂದು ವರದಿ ಒಪ್ಪಿಸತೊಡಗಿದಳು. "ನಾಟ್ ಯೆಟ್, ಅಜ್ಜಾ." ಎಂಟೂವರೆ. "ನಾಟ್ ಯೆಟ್." ಒಂಬತ್ತು. "ಸ್ಟಿಲ್ ನಾಟ್." ಕಡೆಗೆ ಮಹಾಂತೇಶನೇ ಎದ್ದು ಪರದೆ ಎಳೆದು ಲೈಟು ಹಾಕಿದ. "ಆತ್ರಿ, ಮುಳುಗ್ತು" ಎಂದ. ಬಸವಣ್ಣ ಕ್ಷಮಿಸಲಿ, ಆ ದಿನ ನಾನು ಪರದೆಯ ಕತ್ತಲೆಯನ್ನು ನಂಬಿ ಪೂಜೆ ಮಾಡಿ ಉಂಡೆ.

ಅವರ ಫ್ಲ್ಯಾಟು ಮೂರನೇ ಅಂತಸ್ತಿನಲ್ಲಿ. ಮರುದಿನ ಪರದೆ ಸರಿಸಿದರೆ ಮನೆಗಳ ಮಾಡುಗಳ ಆಚೆ ಆಕಾಶಕ್ಕೆ ಒಂದು ದೊಡ್ಡ ಬಿಳಿ ಕಮಾನು ಬಾಗಿತ್ತು. ಹಳೆಯ ಸ್ಟೇಡಿಯಂ ಕೆಡವಿ ಹೊಸದು ಕಟ್ಟುತ್ತಿದ್ದರು, ಕಮಾನು ಅದರದೇ. ಅದನ್ನು ನೋಡಿ ನನಗೆ ಸಣ್ಣ ಹುಡುಗನ ಹಾಗೆ ಖುಷಿಯಾಯಿತು. ಲಿಫ್ಟಿನಲ್ಲಿ ಕಾರಣವಿಲ್ಲದೆ ಎರಡು ಸಲ ಇಳಿದು ಹತ್ತಿದೆ.

ನಾನು ಇಲ್ಲಿಗೆ ಬಂದ ಕಾರಣವನ್ನೂ ಬರೆಯಬೇಕು. ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯಲ್ಲಿ ಅಣ್ಣ ಮತ್ತು ನಾನು ಇಪ್ಪತ್ತೆಂಟು ವರ್ಷ, ಗಿರಾಕಿಗೆ ಸೀರೆ ಹಾಸಿ ತೋರಿಸುವ ಒಂದೇ ಗಾದಿಯ ಮೇಲೆ ದುಡಿದೆವು. ಅಣ್ಣ ಮುಂದೆ ಕೂತು ಸೀರೆ ಹಾಸುವವನು, ಗಿರಾಕಿಯ ಜೊತೆ ಮಾತಾಡುವವನು. ನಾನು ಅವನ ಹಿಂದೆ ನಿಂತು ಕಪಾಟಿನಿಂದ ತೆಗೆದು ಕೊಡುವವನು. ಅವನು ತಿರುಗಿ ನೋಡುತ್ತಿರಲಿಲ್ಲ. ಮಾತಾಡುತ್ತಲೇ ಕೈ ಹಿಂದಕ್ಕೆ ಚಾಚುತ್ತಿದ್ದ. ಗಿರಾಕಿಯ ಮುಖ ನೋಡಿ ಯಾವ ಸೀರೆ ಬೇಕೆಂದು ತಿಳಿದು ಆ ಕೈಗೆ ಇಡುವುದು ನನ್ನ ಕೆಲಸ. ಮನೆಯಲ್ಲಿದ್ದ ಮಾತೆಲ್ಲ ಅವನ ಪಾಲಿಗೆ ಹೋಗಿತ್ತು. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದವನು. ಅಪರಿಚಿತರ ಮುಂದೆ ಬಾಯಿ ಬಿಡುವುದೆಂದರೆ ನನಗೆ ಕೈಕಾಲು ತಣ್ಣಗಾಗುತ್ತವೆ.

ಮಾರ್ಚಿನಲ್ಲಿ ಅಣ್ಣ ತೀರಿಕೊಂಡ, ಆ ಗಾದಿಯ ಮೇಲೆಯೇ. ಸುಮಂಗಲಾ ವಿಮಾನ ಹತ್ತಿ ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಮನೆ ತುಂಬ ಜನ, ಇಬ್ಬರೇ ಕೂತು ಮಾತಾಡಲು ಆಗಲಿಲ್ಲ. ಹತ್ತು ದಿನ ಇದ್ದು ಹೋದಳು. ಜೂನಿನಲ್ಲಿ ನನಗೊಂದು ಟಿಕೀಟು ಬಂತು. "ಊರು ನೋಡ್ಲಿಕ್ಕೆ ಬರ್ರಿ ಕಾಕಾ, ಮೂರು ವಾರ" ಎಂದಳು ಫೋನಿನಲ್ಲಿ. ನಾನು ಹುಬ್ಬಳ್ಳಿಯಿಂದಾಚೆ ಕಂಡದ್ದು ಬೆಂಗಳೂರು ಮತ್ತು ಸೊಲ್ಲಾಪುರ ಮಾತ್ರ. ಆದರೆ ಅವಳು ಕರೆಸಿದ್ದು ಊರು ನೋಡಲಿಕ್ಕಲ್ಲ ಎಂದು ನನಗೆ ಗೊತ್ತಿತ್ತು.

ಎರಡನೆಯ ದಿನ ಪಾತ್ರೆ ಒರೆಸುತ್ತಾ ಕೇಳಿಯೇ ಬಿಟ್ಟಳು. "ಕಾಕಾ, ಆ ದಿವಸ ಅಪ್ಪ ಹೆಂಗಿದ್ರು? ಏನರ ಅಂದ್ರೇನು? ಅವರ ಬಾಜೂ ಇದ್ದವ್ರು ನೀವೊಬ್ರೇ."

"ಹೇಳ್ತೀನಿ" ಎಂದೆ. ಹೇಳಲಿಲ್ಲ. ಆ ದಿನ ಅಣ್ಣ ನನಗೆ ಒಂದು ಕೆಲಸ ಹೇಳಿದ್ದ, ನಾನು ಅದನ್ನು ಮಾಡಲಿಲ್ಲ. ಅದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಸುಮಂಗಲಾಳಿಗೆ ಹೇಳದೆ ಊರಿಗೆ ಮರಳುವ ಹಾಗಿಲ್ಲ, ಹೇಳಿದ ಮೇಲೆ ಅವಳು ನನ್ನನ್ನು ಕಾಕಾ ಎಂದು ಕರೆಯುತ್ತಾಳೋ ಇಲ್ಲವೋ ತಿಳಿಯದು. ಹೀಗೆ ಬಾಯಿ ಕಟ್ಟಿಕೊಂಡೇ ನಾನು ಲಂಡನ್ನು ನೋಡಲು ಹೊರಟೆ.

ಆಕ್ಸ್‌ಫರ್ಡ್ ಸ್ಟ್ರೀಟು: ಚಪ್ಪಲಿ ಬಿಟ್ಟ ಗಿರಾಕಿ

ಬಟ್ಟೆ ಮಾರುವವನನ್ನು ಆಕ್ಸ್‌ಫರ್ಡ್ ಸ್ಟ್ರೀಟಿಗೆ ಬಿಡುವುದೂ ಒಂದೇ, ಆಡನ್ನು ಹಸಿರು ಹೊಲಕ್ಕೆ ಬಿಡುವುದೂ ಒಂದೇ. ಒಂದು ಮೈಲಿಗೂ ಹೆಚ್ಚು ಉದ್ದಕ್ಕೆ ಎರಡೂ ಬದಿ ಅಂಗಡಿ. ಅಂಗಡಿಗಳೊಳಗೆ ಗೊಂಬೆಗಳು ಎಷ್ಟು ಚಂದ ಉಟ್ಟುಕೊಂಡು ನಿಂತಿದ್ದವೆಂದರೆ ಒಂದೆರಡಕ್ಕೆ ದಾರಿ ಬಿಟ್ಟು ನಿಂತೆ. ಕಂಡ ಬಟ್ಟೆಯನ್ನೆಲ್ಲ ಬೆರಳಿನಲ್ಲಿ ಮುಟ್ಟಿ ನೋಡಿದೆ. ಉಣ್ಣೆ, ನಾರುಬಟ್ಟೆ, ಹತ್ತಿ ಬೆರೆಸಿದ ರೇಷ್ಮೆ. ಕಣ್ಣು ಮುಚ್ಚಿ ಹೇಳಿದ್ದು ಸರಿಯೋ ಎಂದು ಸುಮಂಗಲಾ ಒಳಗಿನ ಚೀಟಿ ಓದಿ ನೋಡುತ್ತಿದ್ದಳು. ಒಂಬತ್ತರಲ್ಲಿ ಎಂಟು ಸರಿ ಬಂದವು.

ಆದರೆ ಇಲ್ಲಿ ವ್ಯಾಪಾರದ ರೀತಿ ನೋಡಿ ನನಗೆ ಎದೆ ಒಡೆದ ಹಾಗಾಯಿತು. ಯಾರೂ ಕರೆಯುವುದಿಲ್ಲ. "ಬರ್ರಿ ಅಕ್ಕಾರ, ಕೂಡ್ರಿ, ನೀರು ಕುಡೀರಿ" ಎನ್ನುವವರಿಲ್ಲ. ಗಿರಾಕಿ ತಾನೇ ಹುಡುಕಿ, ತಾನೇ ಹೊತ್ತುಕೊಂಡು, ಪರದೆಯ ಹಿಂದೆ ಹೋಗಿ ಒಬ್ಬಳೇ ತೊಟ್ಟು ಕನ್ನಡಿಯನ್ನು ಕೇಳಬೇಕು. ಒಂದು ಮೇಜಿನ ಮೇಲೆ ಸ್ವೆಟರುಗಳ ರಾಶಿ ಕೆದರಿ ಬಿದ್ದಿತ್ತು. ಒಬ್ಬ ಹುಡುಗಿ ಒಂದೊಂದಾಗಿ ಮಡಚುತ್ತಿದ್ದಳು. ಅವಳು ಒಂದು ಮಡಚುವಷ್ಟರಲ್ಲಿ ಜನ ಎರಡು ಬಿಚ್ಚುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ನಾನೂ ಮಡಚತೊಡಗಿದೆ. ಎಂಟು ಮಡಚಿದ ಮೇಲೆ ಅವಳು ನನ್ನ ಮಡಿಕೆಯನ್ನೂ ತನ್ನದನ್ನೂ ನೋಡಿ, ತನ್ನದನ್ನು ಬಿಚ್ಚಿ ನನ್ನ ಹಾಗೆ ಮಡಚಿದಳು.

ಆಮೇಲೆ ನಡೆದದ್ದನ್ನು ಅನು ಅಮ್ಮನಿಂದ ಕೇಳಿ ಇನ್ನೂ ಶಾಲೆಯಲ್ಲಿ ಹೇಳುತ್ತಿದ್ದಾಳಂತೆ. ಒಂದು ದೊಡ್ಡ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ಸುಮಂಗಲಾ ದುಡ್ಡು ಕೊಡುವ ಸಾಲಿನಲ್ಲಿ ನಿಂತಳು. ನಾನು ಮೂಲೆ ತಿರುಗಿದೆ. ಅಲ್ಲಿ ಮೊಣಕಾಲೆತ್ತರದ ಅಗಲವಾದ ಕಟ್ಟೆ, ಅದರ ಮೇಲೆ ಮೆತ್ತಗೆ ಜಮಖಾನೆ. ನೋಡಿ ಜೀವ ತಣ್ಣಗಾಯಿತು. ಇಡೀ ಲಂಡನ್ನಿನಲ್ಲಿ ಒಂದಾದರೂ ಸರಿಯಾದ ಅಂಗಡಿ ಸಿಕ್ಕಿತಲ್ಲ ಎಂದು ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಮೇಲೆ ಹತ್ತಿ ಚಕ್ಕಳ ಮಕ್ಕಳ ಹಾಕಿ ಕೂತೆ. ಗಿರಾಕಿ ಕೂತ ಮೇಲೆ ತೋರಿಸುವವನು ಬರಲೇಬೇಕು.

ಬಂದ. ಸೂಟು ಹಾಕಿದ ವಯಸ್ಸಾದ ಮನುಷ್ಯ, ಕೊರಳಲ್ಲಿ ಅಳತೆಯ ಟೇಪು.

"ಆರ್ ಯು ಆಲ್ ರೈಟ್ ದೇರ್, ಸರ್?"

"ಆಲ್ ರೈಟ್" ಎಂದೆ. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಕೈ ಬೀಸಿ, ತೋರಿಸಿರಿ ಎಂಬ ಸನ್ನೆ ಮಾಡಿದೆ.

ಅವನು ನನ್ನನ್ನು ನೋಡಿದ, ಚಪ್ಪಲಿ ನೋಡಿದ. ಆಮೇಲೆ ಪಕ್ಕದ ರಾಶಿಯಲ್ಲಿ ಒಂದೊಂದೇ ಜಮಖಾನೆಯ ಮೂಲೆಯನ್ನು ಪುಸ್ತಕದ ಹಾಳೆಯ ಹಾಗೆ ಮಗುಚುತ್ತಾ ಹೋದ. ಏನು ಕೈ ಅದು! ಅವಸರವಿಲ್ಲ, ಎಳೆದಾಟವಿಲ್ಲ. ಏಳೆಂಟು ಮಗುಚಿದ ಮೇಲೆ ನಿಂತು ನನ್ನ ಮುಖವನ್ನು ನೋಡಿದ. ನೋಡಿ, ನಾಲ್ಕು ಹಿಂದಕ್ಕೆ ಹೋಗಿ ಇಟ್ಟಿಗೆ ಬಣ್ಣದ ಒಂದನ್ನು ಎಳೆದು ಪೂರ್ತಿ ಹಾಸಿದ. ಅದೇ ನನಗೆ ಹಿಡಿಸಿದ್ದು! ನಾನು ಬಾಯಿ ಬಿಟ್ಟಿರಲಿಲ್ಲ. ಇಪ್ಪತ್ತೆಂಟು ವರ್ಷ ನಾನು ಗಿರಾಕಿಗಳಿಗೆ ಮಾಡಿದ್ದನ್ನು ಆ ದಿನ ಒಬ್ಬನು ನನಗೆ ಮಾಡಿದ.

"ಕಾಕಾ! ಇಳೀರಿ ಕೆಳಗ! ಅವು ಮಾರೂ ಜಮಖಾನಿ!" ಸುಮಂಗಲಾ ಚೀಲಗಳೊಂದಿಗೆ ಓಡಿ ಬಂದು "ಸಾರಿ, ಸಾರಿ" ಎಂದು ಹತ್ತು ಸಲ ಹೇಳಿದಳು. ಆ ಮನುಷ್ಯ ಏನೋ ಹೇಳಿ ನನ್ನ ಕೈ ಕುಲುಕಿದ.

"ಏನಂದ?"

"ಇಷ್ಟು ವರ್ಷದಾಗ ಚಪ್ಪಲಿ ಬಿಟ್ಟು ಕೂತ ಮೊದಲ್ನೇ ಗಿರಾಕಿ ನೀವಂತ. ಉಳಿದಾವ್ರು ಬೂಟಿನ್ಯಾಗ ತುಳೀತಾರಂತ."

ಇಳಿಯುವ ಮೆಟ್ಟಿಲಿನ ಮೇಲೆ ಅವಳಿಗೆ ನಗು ತಡೆಯಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ, "ಅಪ್ಪ ಆಗಿದ್ರ ಆ ಮನಶಾಗ ಒಂದು ಸೀರಿ ಮಾರಿ ಬರ್ತಿದ್ರು" ಎಂದಳು. ಆಮೇಲೆ ನನ್ನ ಕಡೆ ನೋಡಿದಳು, ಮೊನ್ನೆಯ ಪ್ರಶ್ನೆ ಅವಳ ಕಣ್ಣಲ್ಲಿತ್ತು. ನಾನು ತಾನಾಗಿ ಇಳಿಯುವ ಮೆಟ್ಟಿಲನ್ನು ಅದೇನೋ ಅದ್ಭುತ ಎಂಬ ಹಾಗೆ ನೋಡುತ್ತ ನಿಂತೆ.

ಸೋಹೋ: ಶುಕ್ರವಾರದ ಸಂಜೆ

"ಕಾಕಾ, ಈ ಊರು ನೋಡಬೇಕಂದ್ರ ಸಂಜೀಕೆ ನೋಡಬೇಕು" ಎಂದು ಮಹಾಂತೇಶ ಶುಕ್ರವಾರ ನನ್ನನ್ನು ನೆಲದಡಿಯ ಟ್ಯೂಬ್ ರೈಲಿನಲ್ಲಿ ಸೋಹೋ ಎಂಬ ಪೇಟೆಗೆ ಕರೆದುಕೊಂಡು ಹೋದ. ಮೇಲೆ ಬಂದರೆ ಜಾತ್ರೆಯಲ್ಲ, ಮದುವೆಯಲ್ಲ, ಆದರೂ ಊರಿಗೆ ಊರೇ ಬೀದಿಯಲ್ಲಿ. ಪಬ್ಬುಗಳು ಒಳಗೆ ತುಂಬಿ, ಜನ ಫುಟ್‌ಪಾತಿನ ಮೇಲೆ ಗ್ಲಾಸು ಹಿಡಿದು ನಿಂತಿದ್ದರು, ನಮ್ಮಲ್ಲಿ ಮದುವೆ ಊಟಕ್ಕೆ ಎರಡನೇ ಪಂಕ್ತಿಯವರು ನಿಂತ ಹಾಗೆ. ವ್ಯತ್ಯಾಸವೆಂದರೆ ಇವರಿಗೆ ಒಳಗೆ ಹೋಗುವ ಆಸೆಯೇ ಇಲ್ಲ.

ಅಂಥ ಒಂದು ಪಬ್ಬಿನಲ್ಲಿ ಮಹಾಂತೇಶನ ಗೆಳೆಯ ವಿನ್ಸೆಂಟ್ ಕಾಯುತ್ತಿದ್ದ. ಅದೇ ಆಸ್ಪತ್ರೆಯಲ್ಲಿ ನರ್ಸು, ಉಡುಪಿ ಕಡೆಯವನು, ಮನೆ ಕ್ರೋಯ್ಡನ್ನಿನಲ್ಲಿ. ಮನೆಯಲ್ಲಿ ಕೊಂಕಣಿ, ನನ್ನೊಡನೆ ಪುಸ್ತಕದಂಥ ಕನ್ನಡ. ಒಂದು ಮೇಜು ಹಿಡಿದು ಅವರಿಬ್ಬರೂ ಯಾರನ್ನೋ ಮಾತಾಡಿಸಲು ಹೊರಗೆ ಹೋದರು. ನಾನು ನೆಟ್ಟಗೆ ಕೂತು ಮಾಣಿ ಬರುವುದನ್ನು ಕಾದೆ. ಕಾಲು ಗಂಟೆಯಾಯಿತು. ಯಾರೂ ಮೇಜು ಒರೆಸಲಿಲ್ಲ, ನೀರಿಡಲಿಲ್ಲ, ಏನು ಬೇಕು ಎನ್ನಲಿಲ್ಲ.

"ನಮ್ಮ ಊರಿನ ಖಾನಾವಳ್ಯಾಗ ಇಷ್ಟೊತ್ತಿಗೆ ಉಂಡು ಬೀಡಾ ಹಾಕ್ತಿದ್ವಿ" ಎಂದೆ ಅವರು ಬಂದಾಗ.

ವಿನ್ಸೆಂಟ್ ಹೊಟ್ಟೆ ಹಿಡಿದು ನಕ್ಕ. "ಇಲ್ಲಿ ಯಾರೂ ಬರುವುದಿಲ್ಲ ಮಾರಾಯ್ರೆ, ನಾಳೆಯವರೆಗೆ ಕೂತರೂ. ನಾವೇ ಹೋಗಿ ಕೇಳಬೇಕು. ನಿಮಗೆ ಏನು ತರ್ಲಿ?"

"ಏನೂ ಬ್ಯಾಡ" ಎಂದೆ, ಮರ್ಯಾದೆಗೆ.

ಅವನು ಹೋಗಿ ತಮ್ಮಿಬ್ಬರಿಗೆ ತಂದ. ನನ್ನ ಮುಂದೆ ಏನೂ ಇಲ್ಲ. ನನಗೆ ಗಂಟಲು ಒಣಗಿತ್ತು. ನಮ್ಮಲ್ಲಿ ಬೇಡ ಎಂದರೆ ಅದು ಮಾತಿನ ಶುರು. ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ಕೈ ಹಿಡಿದು ಕೂಡಿಸಬೇಕು. ಮಹಾಂತೇಶ ನನ್ನ ಮುಖ ನೋಡಿ ಗುಟ್ಟು ಬಿಚ್ಚಿದ. "ವಿನ್ಸೆಂಟಗ ಇಲ್ಲಿ ಹನ್ನೆರಡು ವರ್ಷ ಆತ್ರಿ. ಉಪಚಾರ ಮರ್ತಾನ. ಒಮ್ಮೆ ಬ್ಯಾಡ ಅಂದ್ರ ಇಲ್ಲಿ ಮಂದಿಗೆ ಬ್ಯಾಡ ಅಂತನ ತಿಳೀತದ."

"ಹಾಗಲ್ಲ ಮಾರಾಯ, ಇದು ಹಿರಿಯರ ಮಾತಿಗೆ ಕೊಡುವ ಗೌರವ!"

"ಗೌರವಾ ಕುಡಿದು ಅವರ ನೀರಡಿಕಿ ಹೋಗ್ತದೇನೋ?"

ಮಹಾಂತೇಶನ ಗ್ಲಾಸಿನಲ್ಲಿ ಇಲ್ಲಿಯ ಬಿಯರು, ಕಂದು ಬಣ್ಣದ್ದು. ನನ್ನೆದುರು ಕುಡಿಯಲು ಅವನಿಗೆ ಸಂಕೋಚ. "ಕಾಕಾ, ವಾರಕ್ಕೊಮ್ಮೆ ಒಂದ ಗ್ಲಾಸು. ಬೆಳಗಾವ್ಯಾಗ ನಮ್ಮವ್ವನ ಕಿವಿಗೆ ಹಾಕಬ್ಯಾಡ್ರಿ" ಎಂದ. ನಾನು ಲಿಂಗ ಕಟ್ಟಿಕೊಂಡವನು, ಜೀವನದಲ್ಲಿ ಮುಟ್ಟಿದವನಲ್ಲ. ಆದರೆ ಸುಳ್ಳು ಬರೆಯಬಾರದು. ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ತಣ್ಣಗೂ ಇಲ್ಲ, ಬಿಸಿಯೂ ಇಲ್ಲ, ಜ್ವರ ಬಂದಾಗ ಅವ್ವ ಕುದಿಸಿ ಕೊಡುತ್ತಿದ್ದ ಕಿರಾತಕಡ್ಡಿಯ ಕಷಾಯ. ಇದಕ್ಕೆ ದುಡ್ಡು ಕೊಟ್ಟು, ನಿಂತು, ನಕ್ಕು ಕುಡಿಯುತ್ತಾರಲ್ಲ, ಇವರ ಧೈರ್ಯ ದೊಡ್ಡದು.

ಇಲ್ಲಿ ಇನ್ನೊಂದು ಕಟ್ಟಳೆ ಇದೆ. ಒಬ್ಬೊಬ್ಬರು ಸರದಿಯ ಮೇಲೆ ಎಲ್ಲರಿಗೂ ತರಬೇಕು. ವಿನ್ಸೆಂಟ್ ತಂದ, ಮಹಾಂತೇಶ ತಂದ. ಈ ಸಲ ನನಗೂ ಒಂದು ಹೂವಿನ ಶರಬತ್ತು ಬಂತು, ಗುಳ್ಳೆ ಬರುವ ನೀರಿನಲ್ಲಿ ಬೆರೆಸಿದ್ದು. ಮಲ್ಲಿಗೆಗೂ ಲಿಂಬೆಗೂ ನಡುವಿನ ಪರಿಮಳ. ಇಂಥದ್ದನ್ನು ನಮ್ಮಲ್ಲಿ ಮಾಡಿದರೆ ಲಗ್ನದ ಸೀಜನ್ನಿನಲ್ಲಿ ಸಾಲು ಹಚ್ಚುತ್ತಾರೆ. ಮೇಜಿನ ಮೇಲೆ ಮೂರೂ ಗ್ಲಾಸು ಖಾಲಿಯಾದವು. ಸರದಿ ನನ್ನದು ಎಂದು ಗೊತ್ತಾಯಿತು.

"ನೀವು ಕೂಡ್ರಿ, ನಾ ತರ್ತೀನಿ" ಎಂದ ಮಹಾಂತೇಶ.

ಹುಬ್ಬಳ್ಳಿಯ ಮಾನದ ಪ್ರಶ್ನೆ. ಎದ್ದೆ.

ಗ್ಲಾಸು ತುಂಬಿಸಿ ಕೊಡುವ ಕಟ್ಟೆಯ ಮುಂದೆ ಸಾಲಿಲ್ಲ. ಬಸ್ಸಿಗೂ ಸಾಲು, ಅಂಚೆಗೂ ಸಾಲು ನಿಲ್ಲುವ ಈ ಜನ ಇಲ್ಲಿ ಮಾತ್ರ ಗುಂಪಾಗಿ ಮುತ್ತಿದ್ದರು. ಒಳಗೆ ಒಬ್ಬಳೇ ದಪ್ಪ ಹೆಂಗಸು, ಎರಡು ಕೈಯಲ್ಲಿ ನಾಲ್ಕು ಕೆಲಸ. ನೋಡುತ್ತ ನಿಂತೆ. ಅವಳು ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಆದರೂ ಯಾರು ಮೊದಲು ಬಂದರು, ಯಾರು ಆಮೇಲೆ, ಎಲ್ಲ ಅವಳ ತಲೆಯಲ್ಲಿತ್ತು. ನನ್ನ ನಂತರ ಬಂದ ಎತ್ತರದ ಮನುಷ್ಯ ದುಡ್ಡು ಚಾಚಿದಾಗ ಅವಳು ತಲೆ ಅಲ್ಲಾಡಿಸಿ ನನ್ನ ಕಡೆ ಗದ್ದ ಎತ್ತಿದಳು. ಶನಿವಾರ ಗಾದಿಯ ಮುಂದೆ ಹತ್ತು ಹೆಂಗಸರು ಕೂತಾಗ ಅಣ್ಣ ಹೀಗೆಯೇ ಯಾರ ಸರದಿಯನ್ನೂ ತಪ್ಪಿಸುತ್ತಿರಲಿಲ್ಲ. ನಾನು ಖಾಲಿ ಗ್ಲಾಸು ಎತ್ತಿ ತೋರಿಸಿದೆ, ಬೆರಳಲ್ಲಿ ಎರಡು ಎಂದೆ. ಹೂವಿನ ಶರಬತ್ತಿನ ಬಾಟಲಿಯ ಕಡೆ ಕೈ ಮಾಡಿ, "ಒನ್" ಎಂದೆ. ಒನ್ ಎಂಬುದು ಗಂಟಲಿನಿಂದ ದೊಡ್ಡದಾಗಿಯೇ ಬಂತು.

ಮೂರು ಗ್ಲಾಸು ಹಿಡಿದು, ಒಂದು ಹನಿ ಚೆಲ್ಲದೆ ಮೇಜಿಗೆ ಬಂದಾಗ ವಿನ್ಸೆಂಟ್ ಎದ್ದು ನಿಂತು ಸಲಾಮು ಹೊಡೆದ. "ಇವರು ಇನ್ನು ಲಂಡನ್ನಿನವರೇ!"

ಆಮೇಲೆ ಬೀದಿ ಸುತ್ತಿದೆವು. ದೀಪಗಳು ಹತ್ತಿಕೊಂಡವು, ಆಕಾಶದಲ್ಲಿ ಇನ್ನೂ ನೀಲಿ ಇತ್ತು. ಒಂದು ಮೂಲೆಯಲ್ಲಿ ಹುಡುಗಿಯರ ದಂಡು, ನಡುವೆ ಒಬ್ಬಳ ತಲೆಗೆ ಬಿಳಿ ಜಾಲರಿಯ ಮುಸುಕು. ಮುಂದಿನ ವಾರ ಅವಳ ಮದುವೆ, ಅದರ ಮುಂಚೆ ಗೆಳತಿಯರು ಹೀಗೆ ಬೀದಿ ಬೀದಿ ತಿರುಗಿಸುತ್ತಾರಂತೆ. ನಾನು ಮದುವೆ ಸೀರೆ ಮಾರುವವನೆಂದು ವಿನ್ಸೆಂಟ್ ಹೇಳಿಬಿಟ್ಟ. ಅವರೆಲ್ಲ ನನ್ನನ್ನು ಸುತ್ತುಗಟ್ಟಿ ಫೋಟೋ ತೆಗೆಸಿಕೊಂಡರು. ಮದುಮಗಳು ತಲೆ ಬಾಗಿಸಿ ಏನೋ ಕೇಳಿದಳು. ಆಶೀರ್ವಾದ ಕೇಳುತ್ತಾಳೆ ಎಂದ ಮಹಾಂತೇಶ. ಅವಳ ತಲೆಯ ಮೇಲೆ ಕೈಯಿಟ್ಟೆ. ಬೀದಿಗೆ ಬೀದಿಯೇ ಕೂಗಿತು. ನಾನು ಬಾಯಿ ತೆರೆದು ನಕ್ಕೆ. ಮಾರ್ಚಿನ ನಂತರ ಅದೇ ಮೊದಲು.

ಮನೆಗೆ ಬಂದಾಗ ಸುಮಂಗಲಾ ಎಚ್ಚರವಿದ್ದಳು. ಅವಳಿಗೆ ಪಬ್ಬು, ಶರಬತ್ತು, ಮದುಮಗಳು ಎಲ್ಲವನ್ನೂ ನಿಂತೇ ಹೇಳಿದೆ. ಕೇಳಿ ನಕ್ಕಳು. ಆಮೇಲೆ ಮೆಲ್ಲಗೆ ಅಂದಳು: "ಇಷ್ಟು ಮಾತಾಡ್ತೀರಿ ಅಂತ ನನಗ ಗೊತ್ತಿರ್ಲಿಲ್ಲ ಕಾಕಾ. ಅದೊಂದು ಬಿಟ್ಟು ಎಲ್ಲಾ ಹೇಳ್ತೀರಿ."

ದೀಪ ಆರಿಸಿ ಒಳಗೆ ಹೋದಳು.

ಈಲಿಂಗ್ ರೋಡು: ಕಡೆಯ ಶನಿವಾರ

ಹೊರಡಲು ಮೂರು ದಿನ ಉಳಿದಿತ್ತು. ಕೆಳಗಿನ ಫ್ಲ್ಯಾಟಿನಲ್ಲಿ ಮೊರೀನ್ ಎಂಬ ಐರಿಷ್ ಹೆಂಗಸು ಇರುತ್ತಾಳೆ. ಅರವತ್ತರ ಹತ್ತಿರ, ಬಿಳಿ ಕೂದಲು, ಕೆಂಪು ಮುಖ, ಗಟ್ಟಿ ದನಿ. ಶಾಲೆಯ ಅಡಿಗೆಮನೆಯಲ್ಲಿ ಕೆಲಸ, ಸಂಜೆ ಅನುವನ್ನು ನೋಡಿಕೊಳ್ಳುವವಳೂ ಅವಳೇ. ಅವಳ ಜೊತೆ ಕೆಲಸ ಮಾಡುವ ಗುಜರಾತಿ ಹೆಂಗಸಿನ ಮಗಳ ಮದುವೆ. 'ಸೀರೆ ಉಟ್ಟೇ ಬರಬೇಕು' ಎಂದು ಆಜ್ಞೆಯಾಗಿದೆ. ಸುಮಂಗಲಾ, ನಾನು, ಮೊರೀನ್ ಮೂವರೂ ಈಲಿಂಗ್ ರೋಡಿಗೆ ನಡೆದೆವು.

ಆ ರಸ್ತೆಗೆ ಕಾಲಿಟ್ಟರೆ ವಿಮಾನದ ಟಿಕೀಟು ದಂಡ ಎನಿಸುತ್ತದೆ. ಫುಟ್‌ಪಾತಿಗೆ ಹರಿದ ಬದನೆ, ಹೀರೆ, ಮೆಂತ್ಯ, ಪೆಟ್ಟಿಗೆ ಪೆಟ್ಟಿಗೆ ಮಾವು, ಬಂಗಾರದ ಅಂಗಡಿ, ಜಿಲೇಬಿಯ ಕಡಾಯಿ. ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಗೆ ಸ್ವಲ್ಪ ಚಳಿ ಹಿಡಿಸಿದರೆ ಹೀಗೆಯೇ.

ಸೀರೆ ಅಂಗಡಿಯಲ್ಲಿ ಮದುವೆಯ ಗದ್ದಲ. ಬಾಯಲ್ಲಿ ಏನೋ ಜಗಿಯುತ್ತಿದ್ದ ಹುಡುಗಿಯೊಬ್ಬಳು ಮೊರೀನಳ ಮುಂದೆ ಮೂರು ಸೀರೆ ತಂದು ಹಾಕಿದಳು. ಮೂರೂ ಗುಲಾಬಿ, ಮೂರರ ತುಂಬ ಹೊಳೆಯುವ ಹರಳು. ಮೊರೀನ್ "ಲವ್ಲಿ" ಎಂದಳು. ಅವಳ ಬಾಯಿ ಹಾಗೆಂದಿತು, ಮುಖ ಮಾತ್ರ ಬಾಡಿತು. ತನ್ನಂಥವಳಿಗೆ ಇದು ಒಪ್ಪುವುದಿಲ್ಲ, ಮದುವೆಯಲ್ಲಿ ಜನ ನಗುತ್ತಾರೆ ಎಂಬ ಬಾಡುವಿಕೆ. ಆ ಮುಖವನ್ನು ನಾನು ಸಾವಿರ ಸಲ ನೋಡಿದ್ದೇನೆ. ಇಂಥ ಹೊತ್ತಿನಲ್ಲಿ ಗಿರಾಕಿಯನ್ನು ಎಬ್ಬಿಸಿ ಕಳಿಸಿದರೆ ಅವಳು ಮತ್ತೆ ಸೀರೆ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ.

"ಸುಮಾ, ಇವು ಬ್ಯಾಡ ಆಕಿಗೆ" ಎಂದೆ.

"ಹಂಗಾರ ನೀವ ತೋರಸ್ರಿ."

ಅಂಗಡಿಯ ಹಿಂದಿನ ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿದ ಒಂದು ಹಳೆಯ ಗಾದಿ ಇತ್ತು, ಮೇಲೆ ಖಾಲಿ ಪೆಟ್ಟಿಗೆಗಳು. ಸುಮಂಗಲಾ ಯಜಮಾನಿತಿಯ ಹತ್ತಿರ ಹೋಗಿ ಹಿಂದಿಯಲ್ಲಿ ಏನೋ ಹೇಳಿದಳು. ಮದುವೆ ಗಿರಾಕಿಗಳ ನಡುವೆ ಆಕೆಗೆ ಅಂದು ಹತ್ತು ಕೈ ಇದ್ದರೂ ಸಾಲದು. "ಬೈಠಿಯೇ, ಬೈಠಿಯೇ" ಎಂದು ಕೂಡಲು ಹೇಳಿ ಪೆಟ್ಟಿಗೆ ಸರಿಸಿದಳು.

ನಾನು ಚಪ್ಪಲಿ ಬಿಟ್ಟು ಹತ್ತಿದೆ. ಕಾಲು ತಾನಾಗಿ ಕಪಾಟಿನ ಕಡೆ ಹೋಯಿತು. ಅಲ್ಲಿ ಸುಮಂಗಲಾ ಆಗಲೇ ನಿಂತಿದ್ದಳು.

"ನಾ ತೆಗದು ಕೊಡ್ತೀನಿ. ಮುಂದ ನೀವು ಕೂಡ್ರಿ. ನನಗ ಹಾಸ್ಲಿಕ್ಕೆ ಬರೂದಿಲ್ಲ."

ಬೇರೆ ಯಾರೂ ಇರಲಿಲ್ಲ. ನಾನು ಮುಂದೆ ಕೂತೆ. ಎದುರಿಗೆ ಸ್ಟೂಲಿನ ಮೇಲೆ ಮೊರೀನ್, ಮೊಣಕಾಲಿನ ಮೇಲೆ ಕೈಚೀಲ. ಮೊದಲ ಸೀರೆ ಸೊಟ್ಟಗೆ ಬಿಚ್ಚಿಕೊಂಡಿತು. ಎರಡನೆಯದು ನೆಟ್ಟಗೆ ಬಿಚ್ಚಿಕೊಂಡಿತು. ಸೆರಗು ಅವಳ ಮಡಿಲವರೆಗೆ ಹೋಗಿ ನಿಂತಿತು. ಬಾಯಿ ಬಿಡಲೇಬೇಕಾಯಿತು. ಕನ್ನಡ ಬಿಟ್ಟು ಬೇರೆ ಯಾವುದು ಬಂದೀತು? "ಅಕ್ಕಾರ, ಮೊದಲ್ನೇದು ಮಾರ್ಲಿಕ್ಕಲ್ಲ, ನಿಮ್ಮ ಕಣ್ಣು ನೋಡ್ಲಿಕ್ಕೆ" ಎಂದೆ. "ಸೀರಿ ಉಟ್ಟ ಮ್ಯಾಲೆ ಮಂದಿಗೆ ಸೀರಿ ಕಾಣಬಾರ್ದು, ನೀವು ಕಾಣಬೇಕು" ಎಂದೆ. ಎಲ್ಲವೂ ಅಣ್ಣನ ಮಾತುಗಳು. ಇಪ್ಪತ್ತೆಂಟು ವರ್ಷ ಬೆನ್ನ ಹಿಂದಿನಿಂದ ಕೇಳಿದ್ದವು, ಹಾಗೆಯೇ ಹೊರಗೆ ಬಂದವು. ಮೊರೀನ್ ತಲೆ ಆಡಿಸುತ್ತಾ ಅವಳ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನನ್ನ ಮಾತು ಅವಳಿಗೆ ತಿಳಿಯದು, ಅವಳದು ನನಗೆ ತಿಳಿಯದು, ಬಟ್ಟೆ ಇಬ್ಬರಿಗೂ ತಿಳಿಯುತ್ತಿತ್ತು. ಹಸಿರು ಹಾಸಿದೆ, ಕೈ ಅಡ್ಡ ಹಿಡಿದಳು. "ಐರಿಷ್ ಮಂದಿ ಅಂತ ಎಲ್ಲಾರೂ ಹಸರ ಕೊಡ್ತಾರಂತ, ಸಾಕಾಗೇದಂತ" ಎಂದಳು ಸುಮಂಗಲಾ ಹಿಂದಿನಿಂದ. ಅಂಗಡಿಯ ಹುಡುಗಿಯೂ ಜಗಿಯುವುದನ್ನು ನಿಲ್ಲಿಸಿ ನೋಡತೊಡಗಿದಳು. ನನಗೆ ಮೈಯಲ್ಲಿ ಜೀವ ಬಂದ ಹಾಗಾಯಿತು.

"ಕೆಳಗಿನ ಸಾಲಿನ್ಯಾಗ ಬದನಿಹೂವಿನ ಬಣ್ಣದ್ದು ಐತಿ, ಸಣ್ಣ ಜರಿ. ಅದನ್ನ ಕೊಡು."

ಅದು ಬಂತು. ಹಾಸಿದೆ. ಮೊರೀನ್ ಈ ಸಲ ಲವ್ಲಿ ಎನ್ನಲಿಲ್ಲ. ಕೈಚೀಲ ಕೆಳಗಿಟ್ಟು ಎರಡೂ ಕೈಯಿಂದ ಸೆರಗು ಮುಟ್ಟಿದಳು. ಇಂಥ ಹೊತ್ತಿನಲ್ಲಿ ಮಾರುವವನು ಮಾತಾಡುತ್ತ ಇರಬೇಕು, ಸುಮ್ಮನಾಗಬಾರದು. ಆದರೆ ಅಣ್ಣನ ಮಾತುಗಳು ಮುಗಿದಿದ್ದವು. ಬಾಯಿ ತೆರೆದೇ ಇತ್ತು.

"ಸುಮಾ" ಎಂದೆ, ತಿರುಗದೆ. "ಆ ದಿವಸ ಅಣ್ಣ ನನಗ ಮುಂದ ಕೂಡು ಅಂದಿದ್ದ."

ಹಿಂದೆ ಸೀರೆಗಳ ಪ್ಲಾಸ್ಟಿಕ್ ಚೀಲದ ಸಪ್ಪಳ ನಿಂತಿತು.

"ತಾಯಿ ಮಗಳು ಗಿರಾಕಿ ಕೂತಿದ್ರು, ಗದಗ ಕಡೆಯವ್ರು. ಅಣ್ಣ ಹಿಂದ ತಿರುಗಿದ. ಎಂದೂ ತಿರುಗದಾವ. ಯಾಕೋ ಎದಿ ಹಿಡದಂಗ ಆಗೇತಿ, ಸ್ವಲ್ಪ ನೀ ಮುಂದ ಕೂಡು ಅಂದ. ನನಗ ಹೆದರಿಕಿ. ಮಂದಿ ಮುಂದ ಮಾತಾಡಬೇಕಲ್ಲ ಅಂತ. ಈ ಗಿರಾಕಿ ಮುಗೀಲಿ ಅಣ್ಣಾ ಅಂದೆ. ಹೂಂ ಅಂದ, ತಿರುಗಿ ಕೂತ. ನಕ್ಕೋತನ ಮಾತಾಡಿದ. ಅವ್ರು ಎದ್ದು ಹೋದ ಮ್ಯಾಲೆ ಹಾಸಿದ ಸೀರಿ ಮ್ಯಾಲೆ ಹಂಗ ಒರಗಿದ. ಅಷ್ಟ. ಮತ್ತೇನೂ ಅನ್ನಲಿಲ್ಲ."

ನನ್ನ ಕೈ ಬದನೆಹೂವಿನ ಸೀರೆಯ ಸುಕ್ಕು ತೀಡುತ್ತಲೇ ಇತ್ತು. ಮೊರೀನ್ ನನ್ನ ಮುಖ ನೋಡಿದಳು, ನನ್ನ ಹಿಂದೆ ನೋಡಿದಳು. ಹಿಂದೆ ಹೆಜ್ಜೆಯ ಸಪ್ಪಳವಾಯಿತು. ಸುಮಂಗಲಾ ಗಾದಿ ಇಳಿದು, ಜನರನ್ನು ಸರಿಸಿಕೊಂಡು ಅಂಗಡಿಯ ಹೊರಗೆ ಹೋದಳು.

ಅವಳ ಹಿಂದೆ ಓಡಬೇಕೆನಿಸಿತು. ಆದರೆ ಮೊರೀನ್ ಎದ್ದು ನಿಂತು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಕಾಯುತ್ತಿದ್ದಳು. ಎದ್ದು ಹೋಗಿ ನೆರಿಗೆ ಹಿಡಿದು ತೋರಿಸಿದೆ. ಸೆರಗು ಸರಿ ಮಾಡಿದೆ. ಅವಳ ಬಿಳಿ ಕೂದಲಿಗೆ ಆ ಬಣ್ಣ ಹೇಳಿ ಮಾಡಿಸಿದ ಹಾಗಿತ್ತು. ಅವಳು ಕನ್ನಡಿಯಲ್ಲಿ ತನ್ನನ್ನು ನೋಡಿ ಬೆನ್ನು ನೆಟ್ಟಗೆ ಮಾಡಿದಳು. ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿಸಿದೆ. ಚಪ್ಪಲಿ ಮೆಟ್ಟಿಕೊಂಡು ಮೊರೀನಳೊಂದಿಗೆ ಬಾಗಿಲಿಗೆ ನಡೆದೆ.

ಹೊರಗೆ ಎರಡು ಅಂಗಡಿಯಾಚೆ ಕಬ್ಬಿನ ಗಾಣ. ಸುಮಂಗಲಾ ಅದರ ಮುಂದೆ ನಿಂತಿದ್ದಳು, ಮೂಗು ಕೆಂಪಾಗಿತ್ತು. ಕೈಯಲ್ಲಿ ಮೂರು ಗ್ಲಾಸು ಕಬ್ಬಿನ ಹಾಲು, ಶುಂಠಿ ಹಾಕಿದ್ದು. ಒಂದು ಮೊರೀನಳಿಗೆ ಕೊಟ್ಟಳು, ಒಂದು ನನಗೆ. ಮುಖ ಬೇರೆ ಕಡೆಗಿತ್ತು.

"ನಾಕು ತಿಂಗಳು" ಎಂದಳು. "ನಾಕು ತಿಂಗಳು ಇದನ್ನ ಇಟಗೊಂಡು ಕೂತಿದ್ರೇನು?"

"ಹೂಂ."

ಅವಳು ಒಂದು ಗುಟುಕು ಕುಡಿದಳು. ಬಸ್ಸೊಂದು ಹೋಯಿತು. ಆಮೇಲೆ, ಸೀರೆ ಅಂಗಡಿಯವನ ಮಗಳಲ್ಲವೇ, ಕೇಳಿದಳು: "ಆ ತಾಯಿ ಮಗಳು ಸೀರಿ ತಗೊಂಡ್ರೇನು?"

"ತಗೊಂಡ್ರು."

"ಎಷ್ಟು?"

"ಒಂದು ಬೇಕಂತ ಬಂದಿದ್ರು. ಮೂರು ತಗೊಂಡು ಹೋದ್ರು."

ಅವಳ ಬಾಯಿಂದ ನಗುವೋ ಅಳುವೋ ತಿಳಿಯದ ಒಂದು ಸದ್ದು ಬಂತು. "ಮೂರು!" ಎಂದಳು. ಮೊರೀನಳಿಗೂ ಇಂಗ್ಲಿಷಿನಲ್ಲಿ ಹೇಳಿದಳು, ಎಷ್ಟು ಹೇಳಿದಳೋ ಏನೋ. ಆ ದೊಡ್ಡ ಹೆಂಗಸು ಸೀರೆಯ ಚೀಲವನ್ನು ಎದೆಗವಚಿಕೊಂಡು ಇನ್ನೊಂದು ಕೈಯಿಂದ ಅವಳನ್ನು ಹತ್ತಿರ ಎಳೆದುಕೊಂಡಳು. ಗಾಣದವನು ಏನೂ ಕಾಣದವನ ಹಾಗೆ ಕಬ್ಬು ತೂರಿಸುತ್ತಿದ್ದ.

ಅಳು ನಿಂತ ಮೇಲೆ ಸುಮಂಗಲಾ ನನ್ನ ಕಡೆ ಪೂರ್ತಿ ತಿರುಗಿದಳು.

"ನಿಮಗ ಮುಂದ ಕೂಡ್ಲಿಕ್ಕೆ ಬರ್ತದ ಕಾಕಾ" ಎಂದಳು. "ಅಂದೂ ಬರ್ತಿತ್ತು."

"ಬರ್ತಿತ್ತು" ಎಂದೆ.

ಅವಳು ನನ್ನ ರಟ್ಟೆ ಹಿಡಿದುಕೊಂಡಳು. ಮನೆ ಬರುವವರೆಗೂ ಬಿಡಲಿಲ್ಲ.